ಹೈಸ್ಕೂಲ್ ಬ್ಯಾಚ್ ಸೇರ್ತಿದೆ, 60 ಜನ, 3 ಗಂಟೆ: ಯಾವ ಆಟ ಆಡಿಸೋದು?

ಕೊನೇಬೆಂಚು:
ಹೈಸ್ಕೂಲ್ ಬಿಟ್ಟು 25 ವರ್ಷ. ಎ ಸೆಕ್ಷನ್‌ನವರು 30, ಬಿ ಸೆಕ್ಷನ್‌ನವರು 30, ಜೊತೆಗೆ ಬರುವ ಗಂಡ ಹೆಂಡತಿಯರು 15 ಜನ. ಊಟದ ಹೊತ್ತು ಬಿಟ್ಟರೆ ಕೈಗೆ ಸಿಗೋದು 3 ಗಂಟೆ. ಎಲ್ಲರೂ ಸ್ಟೇಜಿಗೆ ಬಂದು ಪರಿಚಯ ಹೇಳೋದು, ಮ್ಯೂಸಿಕಲ್ ಚೇರ್, ಕ್ವಿಜ್, ಹಳೇ ಫೋಟೊ ತೋರಿಸೋದು ಅಂತ ಪಟ್ಟಿ ಮಾಡಿದ್ದೇವೆ. ಸಾಕಾ? ಹಳೇ ಗುಂಪಿನವರು ಮತ್ತೆ ಅವರವರೇ ಮೂಲೆ ಹಿಡಿಯದ ಹಾಗೆ ಏನು ಮಾಡಬಹುದು?

ಚಾಕ್‌ಪೀಸ್:
ಸಾಕಾ ಅಂತಲ್ಲ, ಹೆಚ್ಚಾಯ್ತು. ತಲಾ 2 ನಿಮಿಷ ಅಂದರೂ 60 ಜನರ ಪರಿಚಯಕ್ಕೇ 2 ಗಂಟೆ ಹೋಯ್ತು. ಮ್ಯೂಸಿಕಲ್ ಚೇರ್‌ನಲ್ಲಿ ಸುತ್ತಿಗೊಬ್ಬರು ಔಟ್ ಆದರೆ 59 ಸುತ್ತು ಬೇಕು, ಅರ್ಧ ಆಟಕ್ಕೇ ಅರ್ಧದಷ್ಟು ಜನ ಫೋನ್ ನೋಡ್ತಾ ಕೂತಿರ್ತಾರೆ. ಮಂಡಿ ನೋವಿನವರ ಪಾಡು ಬೇರೆ. ಎರಡನ್ನೂ ಬಿಡಿ.

ಪರಿಚಯಕ್ಕೆ ಬಿಂಗೋ ಇಡಿ. ಹಾಳೆಯಲ್ಲಿ 5×5 ಮನೆ, ನಡುವಿನದು ಪುಕ್ಕಟೆ, ಉಳಿದ 24ರಲ್ಲಿ ಒಂದೊಂದು ಸುಳಿವು: "ನಾಟಕದಲ್ಲಿ ಮಾತೇ ಇಲ್ಲದ ಪಾತ್ರ ಮಾಡಿದವರು", "ಹಳೇ ನೋಟ್‌ಬುಕ್ ಇನ್ನೂ ಇಟ್ಟುಕೊಂಡವರು". ಅಂಥವರನ್ನು ಹುಡುಕಿ ಅವರಿಂದಲೇ ಆ ಮನೆಗೆ ಸಹಿ ಹಾಕಿಸಬೇಕು. ಅಡ್ಡ, ಉದ್ದ, ಓರೆ, ಯಾವುದಾದರೂ ಒಂದು ಸಾಲು ತುಂಬಿದವರು ಗೆದ್ದಂತೆ. ಒಬ್ಬರು ಒಂದು ಹಾಳೆಗೆ ಒಂದೇ ಸಹಿ. ಇಲ್ಲದಿದ್ದರೆ ಪಕ್ಕದ ಗೆಳೆಯನೇ ಇಡೀ ಸಾಲು ತುಂಬಿಕೊಡ್ತಾನೆ. ಗೆಲ್ಲುವ ಸಾಲಿನಲ್ಲಿ ಇನ್ನೊಂದು ಸೆಕ್ಷನ್‌ನವರ ಸಹಿ ಕನಿಷ್ಠ 2 ಇರಬೇಕು ಅನ್ನಿ, ಮೂಲೆ ತಾನಾಗೇ ಖಾಲಿಯಾಗುತ್ತೆ.

ಎಲ್ಲರಿಗೂ ಒಂದೇ ಹಾಳೆ ಕೊಟ್ಟರೆ ಹತ್ತು ಜನ ಒಟ್ಟಿಗೇ "ಬಿಂಗೋ" ಅಂತ ಕೂಗ್ತಾರೆ. ಸುಳಿವುಗಳ ಜಾಗ ಅದಲುಬದಲು ಮಾಡಿ 6 ಬಗೆ ಅಚ್ಚು ಹಾಕಿಸಿ. ಅಕ್ಷರ 14 ಪಾಯಿಂಟ್‌ಗಿಂತ ಚಿಕ್ಕದು ಬೇಡ, ಈ ವಯಸ್ಸಿಗೆ ಕನ್ನಡಕ ಮರೆತು ಬರೋರು ಇದ್ದೇ ಇರ್ತಾರೆ. ನಿಂತೇ ಬರೀಬೇಕಲ್ಲ, ದಪ್ಪ ಕಾಗದ ಇರಲಿ. ಪೆನ್ನು 70. ಜನ ಬರ್ತಿದ್ದ ಹಾಗೇ ಕೈಗೆ ಕೊಟ್ಟುಬಿಡಿ, ತಡವಾಗಿ ಬಂದವರೂ ನಡುವೆ ಸೇರಿಕೊಳ್ಳಬಹುದು.

ಹಾಜರಿಪುಸ್ತಕ:
ಬಿಂಗೋ ಸರಿ, ಆದರೆ ಎದೆ ಮೇಲೆ ಹೆಸರಿನ ಚೀಟಿ ಇಲ್ಲದೆ ಅದು ನಡೆಯಲ್ಲ. ಹಾಜರಿಯಲ್ಲಿ ಕೂಗುತ್ತಿದ್ದ ಹೆಸರನ್ನೇ ದೊಡ್ಡದಾಗಿ ಬರೆಯಿರಿ, ಮದುವೆಯ ನಂತರ ಹೆಸರು ಬದಲಾದವರು ಯಾರಂತ ಆಗ ಗೊತ್ತಾಗುತ್ತೆ.

ಕ್ವಿಜ್‌ಗೆ 6 ಜನರ 10 ತಂಡ. ಎ ಸೆಕ್ಷನ್‌ಗೆ ಒಂದು ಬಣ್ಣ, ಬಿ ಸೆಕ್ಷನ್‌ಗೆ ಇನ್ನೊಂದು ಬಣ್ಣದ ಚೀಟಿ ಮಾಡಿ, ಪ್ರತಿ ಬಣ್ಣದಲ್ಲೂ 1ರಿಂದ 10ರವರೆಗಿನ ಅಂಕಿ ಮೂರ್ಮೂರು ಸಲ ಬರೆದು ಎತ್ತಿಸಿ. ತಂಡಕ್ಕೆ 3+3 ಬೀಳುತ್ತೆ. 15 ಪ್ರಶ್ನೆ ಸಾಕು. ಒಂದೇ ಸೆಕ್ಷನ್‌ಗೆ ಗೊತ್ತಿರುವ ಪ್ರಸಂಗ ಕೇಳಬೇಡಿ, ಮತ್ತೆ ಪ್ರತಿ ಉತ್ತರವನ್ನೂ ಮೊದಲೇ ಇಬ್ಬರ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ. ನೆನಪಿನ ಜಗಳ ಶುರುವಾದರೆ ಅರ್ಧ ಗಂಟೆ ಮುಗಿಯಲ್ಲ! ಅಂಕ ಬರೆಯೋಕೆ ಗಂಡ ಹೆಂಡತಿಯರನ್ನು ತಂಡಕ್ಕೊಬ್ಬರಂತೆ ಕೂರಿಸಿ. ಅವರಿಗೂ ಕೆಲಸ, ಪಕ್ಷಪಾತದ ಮಾತೂ ಬರಲ್ಲ.

ಡಸ್ಟರ್:
ಯಾರು ದಪ್ಪಗಾದರು, ಯಾರ ತಲೆ ಬೋಳಾಯ್ತು ಅನ್ನೋ ಬಿರುದುಗಳು ಬೇಡವೇ ಬೇಡ. ಮದುವೆ, ಮಕ್ಕಳು, ಸಂಬಳ ಬಿಂಗೋ ಸುಳಿವಲ್ಲೂ ಬರಬಾರದು. ತೀರಿಹೋದ ಸಹಪಾಠಿಗಳಿದ್ದರೆ ಅವರನ್ನು ನೆನೆಯೋದು ಆಟ ಶುರುವಾಗುವ ಮೊದಲೇ ಆಗಲಿ. ಎರಡು ಆಟದ ನಡುವೆ ತುರುಕಿದರೆ ಮುಂದಿನ ಆಟಕ್ಕೆ ಯಾರೂ ಏಳಲ್ಲ.

ಕೊನೇಬೆಂಚು:
ಪರಿಚಯ, ಮ್ಯೂಸಿಕಲ್ ಚೇರ್ ಎರಡೂ ಕೈಬಿಟ್ಟೆವು. ಹಾಲ್‌ಗೆ ನಾಲ್ಕೂ ಕಡೆ ಕಿಟಕಿ, ಮಧ್ಯಾಹ್ನದ ಕಾರ್ಯಕ್ರಮ. ಫೋಟೊಗಳಿಗೆ ಪ್ರೊಜೆಕ್ಟರ್ ತರಿಸಬಹುದಾ?

ಚಾಕ್‌ಪೀಸ್:
ದುಡ್ಡು ದಂಡ, ಆ ಬೆಳಕಲ್ಲಿ ಪರದೆ ಮೇಲಿನ ಫೋಟೊ ಮಂಕಾಗಿ ಕಾಣುತ್ತೆ. 20 ಫೋಟೊ ಎ4 ಅಳತೆಗೆ ಅಚ್ಚು ಹಾಕಿಸಿ, ಹೆಸರಿಲ್ಲದೆ ಬರೀ ನಂಬರ್ ಹಾಕಿ, ಹಗ್ಗಕ್ಕೆ ಕ್ಲಿಪ್ ಮಾಡಿ ಕಣ್ಣಿನ ಮಟ್ಟಕ್ಕೆ ತೂಗುಹಾಕಿ. ಚಿಕ್ಕ ಫೋಟೊಗಳನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿಸಿ, 300ಕ್ಕೆ ಮಾಡಿ ಹಿಗ್ಗಿಸಿದರೆ ಮಸುಕಾಗುತ್ತೆ. ಯಾವ ನಂಬರ್‌ನಲ್ಲಿ ಯಾರಿದ್ದಾರೆ ಅಂತ ಬರೆಯೋ ಉತ್ತರದ ಹಾಳೆ ಊಟಕ್ಕೆ ಮುಂಚೆ ಕೊಟ್ಟು, ಊಟ ಮುಗಿದ ಮೇಲೆ ವಾಪಸ್ ತಗೊಳ್ಳಿ. ಇದಕ್ಕಂತ ಬೇರೆ ಸಮಯ ಎತ್ತಿಡೋದು ಬೇಡ.