ಸಹಾಯ ಬೇಕು: ಅಪ್ಪನ ಕಾಲಿನ ಗಾಯಕ್ಕೆ ಗ್ರೋತ್ ಫ್ಯಾಕ್ಟರ್ ಜೆಲ್ ಬಳಸಿದವರಿದ್ದೀರಾ?

ನಮ್ಮದು ತೀರ್ಥಹಳ್ಳಿ ಹತ್ತಿರ. ಅಪ್ಪನಿಗೆ ಶುಗರ್. ಅಡಿಕೆ ತೋಟದಲ್ಲಿ ಎಡವಿ ಪಾದಕ್ಕಾದ ಗಾಯ ಎರಡು ತಿಂಗಳಾದರೂ ವಾಸಿಯಾಗಿಲ್ಲ. ಶಿವಮೊಗ್ಗದ ಡಾಕ್ಟರು ಈಗ ಗ್ರೋತ್ ಫ್ಯಾಕ್ಟರ್ ಜೆಲ್ ಬರೆದುಕೊಟ್ಟಿದ್ದಾರೆ.

ನನಗೆ ಅರ್ಥವಾದದ್ದು ಇಷ್ಟು. ಗ್ರೋತ್ ಫ್ಯಾಕ್ಟರ್ ಅಂದರೆ ಜೀವಕೋಶಗಳಿಗೆ ಬೆಳೆಯಲು ಸೂಚನೆ ಕೊಡುವ ಪ್ರೋಟೀನ್. ಪ್ಲೇಟ್‌ಲೆಟ್‌ಗಳಿಂದ ಬರುವ ಪಿಡಿಜಿಎಫ್ ಅನ್ನೋ ಗ್ರೋತ್ ಫ್ಯಾಕ್ಟರ್, ರಿಪೇರಿ ಮಾಡುವ ಜೀವಕೋಶಗಳನ್ನು ಗಾಯದ ಹತ್ತಿರ ಕರೆಯುತ್ತದೆ. ಇಜಿಎಫ್ ಅನ್ನೋ ಇನ್ನೊಂದು ಗ್ರೋತ್ ಫ್ಯಾಕ್ಟರ್ ಇದ್ದರೆ ಚರ್ಮದ ಕೋಶಗಳು ಹೆಚ್ಚಿ, ಅಂಚಿನಿಂದ ಒಳಗೆ ಹರಡುತ್ತವೆ. ಶುಗರ್ ಇದ್ದವರಲ್ಲಿ ಈ ಕೆಲಸವೇ ನಿಧಾನ. ಅಮೆರಿಕದಲ್ಲಿ ಪಿಡಿಜಿಎಫ್ ಜೆಲ್‌ಗೆ 1997ರಲ್ಲೇ ಒಪ್ಪಿಗೆ ಸಿಕ್ಕಿದೆ. ಆದರೆ ಕಾಲಿಗೆ ರಕ್ತ ಚೆನ್ನಾಗಿ ಹರಿಯುತ್ತಿರಬೇಕು.

ಯಾರಾದರೂ ಬಳಸಿದ್ದೀರಾ? ಎಷ್ಟು ವಾರಕ್ಕೆ ಗಾಯ ಚಿಕ್ಕದಾಯಿತು? ಫ್ರಿಜ್‌ನಲ್ಲೇ ಇಡಬೇಕು ಅಂದಿದ್ದಾರೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಗೊತ್ತಲ್ವಾ, ಹೋದರೆ ಎರಡು ದಿನ! ಆಗ ಏನು ಮಾಡಿದಿರಿ, ಹೇಳಿ. ಅಮ್ಮ ಅರಿಶಿನ ಹಚ್ಚೋಣ ಅಂತಾರೆ. ಸದ್ಯಕ್ಕೆ ತಡೆದಿದ್ದೇನೆ.