ಮುನ್ಸೂಚನೆಯಲ್ಲಿ ‘ಅಲೆ 2.5 ಮೀಟರ್’ ಅಂದರೆ ಸಮುದ್ರದ ಮೇಲೆ ನಿಜಕ್ಕೂ ಎಷ್ಟು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು 40 ಅಡಿಯ ಹಾಯಿದೋಣಿಯಲ್ಲಿ ಮೊದಲ ಸಲ ದಡ ಬಿಟ್ಟು ದೂರ ಹೋಗುತ್ತಿದ್ದೇನೆ. ನಾಲ್ಕು ಜನ, ಹನ್ನೆರಡು ದಿನ, ಪೂರ್ತಿ ಉಷ್ಣವಲಯದ ನೀರು. ಹವಾಮಾನ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಭ್ಯಾಸ ಆಗಲಿ ಅಂತ ದಿನಾ ಮುನ್ಸೂಚನೆ ಓದುತ್ತಿದ್ದೇನೆ. ಇವತ್ತಿನದು ಹೀಗಿತ್ತು: ಪೂರ್ವದ ಗಾಳಿ 15ರಿಂದ 20 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ, ಅಂದರೆ ಸಮುದ್ರದ ಮೈಲಿ), ಅಲೆ 2.5 ಮೀಟರ್, ಅಲ್ಲಲ್ಲಿ ಸ್ಕ್ವಾಲ್ (ಮಳೆಮೋಡದ ಜೊತೆ ಇದ್ದಕ್ಕಿದ್ದಂತೆ ನುಗ್ಗುವ ಜೋರು ಗಾಳಿ). ಓದಿದರೆ ಗೊತ್ತಾಗುತ್ತದೆ, ಆದರೆ ಅಲ್ಲಿ ನಿಂತಾಗ ಇದು ಹೇಗಿರುತ್ತದೆ? ಯಾವುದನ್ನು ಎಷ್ಟು ನಂಬಬೇಕು? ಹೋಗಿ ಬಂದವರು ದಯವಿಟ್ಟು ಹೇಳಿ.

ಹಾಯಿದೋಣಿಯವರೊಬ್ಬರ ಉತ್ತರ

ಒಳ್ಳೆಯ ಪ್ರಶ್ನೆ. ನಾನೂ ಮೊದಲ ಪ್ರಯಾಣದಲ್ಲಿ ಇದೇ ಅಂಕಿ ನೋಡಿ ಮೋಸ ಹೋಗಿದ್ದೆ. ಅಂಕಿ ತಪ್ಪಿರಲಿಲ್ಲ, ನಾನು ಅರ್ಥ ಮಾಡಿಕೊಂಡಿದ್ದು ತಪ್ಪಿತ್ತು.

ಅಲೆ 2.5 ಮೀಟರ್ ಅಂದರೆ ಎಲ್ಲ ಅಲೆಯೂ ಅಷ್ಟೇ ಅಂತಲ್ಲ. ಬರುವ ಅಲೆಗಳಲ್ಲಿ ದೊಡ್ಡ ದೊಡ್ಡವನ್ನು, ಅಂದರೆ ಮೂರರಲ್ಲಿ ಒಂದು ಪಾಲನ್ನು, ಆರಿಸಿ ಅವುಗಳ ಸರಾಸರಿ ತೆಗೆದು ಹೇಳುವ ಲೆಕ್ಕ ಅದು. ಹಾಗಾಗಿ ಹೆಚ್ಚಿನ ಅಲೆಗಳು ಅದಕ್ಕಿಂತ ಚಿಕ್ಕವೇ ಇರುತ್ತವೆ. ಆದರೆ ಆಗೊಮ್ಮೆ ಈಗೊಮ್ಮೆ ಅದರ ಎರಡರಷ್ಟು, ಅಂದರೆ 5 ಮೀಟರ್ ಹತ್ತಿರದ್ದೊಂದು ಬರಬಹುದು. ನನ್ನ ಮೂರನೇ ರಾತ್ರಿ ಚುಕ್ಕಾಣಿ ನನ್ನ ಕೈಲಿತ್ತು. ಅಂಥದ್ದೊಂದು ಹಿಂದಿನಿಂದ ಬಂದು ದೋಣಿಯನ್ನು ಎತ್ತಿ ಓರೆ ಮಾಡಿ ಇಳಿಸಿತು. ಒಳಗೆ ಮಲಗಿದ್ದವರು ಹಾಸಿಗೆಯಿಂದ ಕೆಳಗೆ ಬಿದ್ದರು. ಮುನ್ಸೂಚನೆ ಕೈಕೊಟ್ಟಿತು ಅಂತ ಅವತ್ತು ಬೈದುಕೊಂಡೆ. ಆಮೇಲೆ ಗೊತ್ತಾಯಿತು, ಆ ಅಲೆಯೂ ಮುನ್ಸೂಚನೆಯ ಒಳಗೇ ಇತ್ತು.

ಎತ್ತರಕ್ಕಿಂತ ಮುಖ್ಯ ಅಂತ ನಾನು ನಂಬುವುದು ಅಲೆಯ ಅವಧಿಯನ್ನು, ಅಂದರೆ ಒಂದು ಅಲೆ ಹೋಗಿ ಇನ್ನೊಂದು ಬರಲು ಎಷ್ಟು ಸೆಕೆಂಡ್ ಅನ್ನುವುದನ್ನು. 2.5 ಮೀಟರ್ ಅಲೆ 12 ಸೆಕೆಂಡಿಗೊಂದು ಬಂದರೆ, ಆಳದ ನೀರಿನಲ್ಲಿ ಒಂದು ನೆತ್ತಿಯಿಂದ ಇನ್ನೊಂದಕ್ಕೆ ಸುಮಾರು 225 ಮೀಟರ್ ದೂರ. ದೋಣಿ ನಿಧಾನವಾಗಿ ಹತ್ತಿ ಇಳಿಯುತ್ತದೆ, ಕೂತು ಟೀ ಕುಡಿಯಬಹುದು. ಅದೇ ಎತ್ತರ 6 ಸೆಕೆಂಡಿಗೊಂದು ಬಂದರೆ ನಡುವಿನ ದೂರ ಬರೀ 56 ಮೀಟರ್. ಆಗ ಗೋಡೆಗೆ ಗುದ್ದಿದ ಹಾಗಿರುತ್ತದೆ, ಅಡುಗೆ ಮಾಡುವ ಮಾತೇ ಇಲ್ಲ. ಅವಧಿ ಹೇಳದ ಮುನ್ಸೂಚನೆ ನನಗೆ ಅರ್ಧ ಮುನ್ಸೂಚನೆ.

ಇನ್ನೊಂದು ವಿಷಯ. ಆ ಒಂದು ಅಂಕಿಯಲ್ಲಿ ಎರಡು ಸಮುದ್ರ ಸೇರಿರುತ್ತವೆ. ಒಂದು ಅಲ್ಲಿಯ ಗಾಳಿ ಎಬ್ಬಿಸಿದ ಅಲೆ. ಇನ್ನೊಂದು ಸ್ವೆಲ್, ಅಂದರೆ ಎಲ್ಲೋ ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿಯಿಂದ ಹೊರಟು ಬಂದ ಅಲೆ. ಎರಡನ್ನೂ ಸುಮ್ನೆ ಕೂಡಿಸುವ ಹಾಗಿಲ್ಲ, ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಬೇಕು. ಗಾಳಿ ಅಲೆ 2 ಮೀಟರ್, ಸ್ವೆಲ್ 1.5 ಮೀಟರ್ ಆದರೆ ಒಟ್ಟು 2.5. ಎರಡೂ ಒಂದೇ ಕಡೆಯಿಂದ ಬಂದರೆ ಪರವಾಗಿಲ್ಲ. ಒಂದು ಪೂರ್ವದಿಂದ, ಇನ್ನೊಂದು ಉತ್ತರದಿಂದ ಬಂದರೆ ಹನ್ನೆರಡು ದಿನವೂ ದೋಣಿ ನಿಮ್ಮನ್ನು ಅತ್ತಿತ್ತ ಎಸೆಯುತ್ತಿರುತ್ತದೆ. ಅದಕ್ಕೇ ಎರಡರ ದಿಕ್ಕನ್ನೂ ಬೇರೆ ಬೇರೆ ಬರೆದುಕೊಳ್ಳಿ.

ಗಾಳಿಯದೂ ಹೀಗೇ. 20 ನಾಟ್ ಅಂದರೆ ಸರಾಸರಿ. ಬೀಸು ಬಂದಾಗ ಅದಕ್ಕಿಂತ ಶೇ. 40ರಷ್ಟು ಜಾಸ್ತಿ ಆಗಬಹುದು, ಅಂದರೆ 28 ನಾಟ್. ಹಾಯಿಯ ಮೇಲಿನ ಒತ್ತಡ ಗಾಳಿವೇಗದ ವರ್ಗದಂತೆ ಏರುತ್ತದೆ, ಹಾಗಾಗಿ 20ಕ್ಕೂ 28ಕ್ಕೂ ನಡುವೆ ಒತ್ತಡ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಇನ್ನೊಬ್ಬರು

ಮೇಲಿನವರು ಹೇಳಿದ್ದೆಲ್ಲ ಸರಿ. ‘ಅಲ್ಲಲ್ಲಿ ಸ್ಕ್ವಾಲ್’ ಅನ್ನುವ ಎರಡು ಪದಗಳ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ಉಷ್ಣವಲಯದಲ್ಲಿ ನಿಮ್ಮನ್ನು ಜಾಸ್ತಿ ಕಾಡುವುದು ಅದೇ.

ಡೌನ್‌ಲೋಡ್ ಮಾಡಿಕೊಳ್ಳುವ ಗ್ರಿಬ್ ನಕ್ಷೆಯಲ್ಲಿ, ಅಂದರೆ ಕಂಪ್ಯೂಟರ್ ಮಾದರಿ ಲೆಕ್ಕ ಹಾಕಿ ಕೊಡುವ ಹವಾಮಾನ ನಕ್ಷೆಯಲ್ಲಿ, ಸ್ಕ್ವಾಲ್ ಕಾಣುವುದಿಲ್ಲ. ಒಂದೊಂದು ಮಳೆಮೋಡ ಕೆಲವೇ ಕಿಲೋಮೀಟರ್ ಅಗಲ, ಮಾದರಿ ಸಮುದ್ರವನ್ನು ಹಂಚಿಕೊಂಡು ಲೆಕ್ಕ ಹಾಕುವ ಚೌಕಗಳು ಅದಕ್ಕಿಂತ ದೊಡ್ಡವು. ನಮಗೆ ನಕ್ಷೆಯಲ್ಲಿ 15 ನಾಟ್ ಬಾಣ ಇತ್ತು. ಬೆಳಗಿನ ಜಾವ ಮೂರೂವರೆಗೆ ಹೊಡೆದಿದ್ದು 38.

ಅದು ಬಂದ ರೀತಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ಗಾಳಿ ಬರುವ ಕಡೆ ದಿಗಂತದ ಹತ್ತಿರದ ನಕ್ಷತ್ರಗಳು ಒಂದೊಂದೇ ಮಾಯ ಆದವು. ಆಮೇಲೆ ಗಾಳಿ ಬಿದ್ದುಹೋಯಿತು, ಹಾಯಿ ಪಟಪಟ ಅಂದಿತು. ‘ಅಬ್ಬ, ತಣ್ಣಗಾಯಿತು’ ಅಂತ ನನ್ನ ಜೊತೆಯವನು ಹೇಳುವಷ್ಟರಲ್ಲಿ ಕುತ್ತಿಗೆಗೆ ಫ್ರಿಜ್ ಬಾಗಿಲು ತೆಗೆದಂಥ ತಣ್ಣನೆ ಗಾಳಿ ತಾಗಿತು. ಅಲ್ಲಿಂದ ಒಂದು ನಿಮಿಷವೂ ಸಿಗಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು, ಆದರೆ ದೊಡ್ಡ ಹಾಯಿ ಅಂಚಿನುದ್ದಕ್ಕೂ ಹರಿದಿತ್ತು. ಬಿಚ್ಚಿದ ಹಾಯಿಯನ್ನು ಹಾಗೇ ಬಿಟ್ಟು ಕೂತಿದ್ದು ನನ್ನದೇ ತಪ್ಪು.

ನಡುಸಮುದ್ರದಲ್ಲಿ ಮಳೆಮೋಡಗಳ ಜೋರು ತಡರಾತ್ರಿಯಿಂದ ನಸುಕಿನವರೆಗೆ ಜಾಸ್ತಿ. ನೆಲದ ಮೇಲಾದರೆ ಮಧ್ಯಾಹ್ನದ ಮೇಲೆ, ಅಲ್ವಾ? ಇಲ್ಲಿ ತಿರುಗಾಮುರುಗಾ. ಈಗ ನಾವು ಕತ್ತಲಾಗುವ ಮೊದಲೇ ಹಾಯಿ ಒಂದು ಮಡಿಕೆ ಕಡಿಮೆ ಮಾಡಿಬಿಡುತ್ತೇವೆ, ಗಾಳಿ ಎಷ್ಟೇ ಸೌಮ್ಯ ಇರಲಿ. ರೇಡಾರ್ ಇದ್ದರೆ ರಾತ್ರಿ ಆನ್ ಇಡಿ, ಮಳೆ ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಒಂದು ಸಣ್ಣ ಮಾತು, ಬೇರೊಬ್ಬರಿಂದ

ಮುನ್ಸೂಚನೆಯ ಸಮಯ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ಇರುತ್ತದೆ. ನಾನೊಮ್ಮೆ ಅದನ್ನು ಸ್ಥಳೀಯ ಸಮಯ ಅಂದುಕೊಂಡು ಅರ್ಧ ದಿನ ತಪ್ಪಿದ್ದೆ. ಗಾಳಿಯ ದಿಕ್ಕು ಅಂದರೆ ಎಲ್ಲಿಂದ ಬರುತ್ತದೆ ಅಂತ, ಪ್ರವಾಹದ ದಿಕ್ಕು ಅಂದರೆ ಎಲ್ಲಿಗೆ ಹೋಗುತ್ತದೆ ಅಂತ. ಎರಡೂ ಪೂರ್ವ ಅಂತ ಬರೆದಿದ್ದರೆ ಅವು ಎದುರುಬದುರು, ಅಲೆ ಕಡಿದಾಗುತ್ತದೆ. ಇನ್ನು 518 ಕಿಲೋಹರ್ಟ್ಸ್‌ನ ನಾವ್‌ಟೆಕ್ಸ್ (ಹವಾಮಾನ, ಎಚ್ಚರಿಕೆಗಳನ್ನು ರೇಡಿಯೊದಲ್ಲಿ ಅಕ್ಷರವಾಗಿ ಕಳಿಸುವ ಸೇವೆ) ದಡದಿಂದ ಕೆಲವು ನೂರು ಮೈಲಿ ಮಾತ್ರ ಸಿಗುತ್ತದೆ, ಆಚೆಗೆ ಉಪಗ್ರಹದ ವ್ಯವಸ್ಥೆ ಬೇಕೇ ಬೇಕು.

ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು

ತಮ್ಮಾ, ಇವರೆಲ್ಲ ಹೇಳಿದ್ದನ್ನು ಇಟ್ಟುಕೊಳ್ಳಿ. ಜೊತೆಗೆ ವಾಯುಭಾರ ಅಳೆಯುವ ಒಂದು ಬ್ಯಾರೋಮೀಟರ್ ಇಟ್ಟುಕೊಳ್ಳಿ.

ಉಷ್ಣವಲಯದಲ್ಲಿ ವಾಯುಭಾರ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಸ್ಥಳೀಯ ಸಮಯ ಬೆಳಿಗ್ಗೆ 10, ರಾತ್ರಿ 10ರ ಸುಮಾರಿಗೆ ಹೆಚ್ಚು, ಬೆಳಗಿನ ಜಾವ 4, ಸಂಜೆ 4ರ ಸುಮಾರಿಗೆ ಕಡಿಮೆ. ವ್ಯತ್ಯಾಸ ಸುಮಾರು 3 ಹೆಕ್ಟೊಪಾಸ್ಕಲ್. ಇದು ತಿಳಿಯದೆ ಹೊಸಬರು ಪ್ರತಿ ಮಧ್ಯಾಹ್ನ ಗಾಬರಿ ಆಗುತ್ತಾರೆ. ಈ ಏರಿಳಿತ ತೆಗೆದ ಮೇಲೂ ಆ ಕಾಲಕ್ಕೆ, ಆ ಜಾಗಕ್ಕೆ ಇರಬೇಕಾದ್ದಕ್ಕಿಂತ 3 ಕಡಿಮೆ ಇದ್ದರೆ ಅನುಮಾನ ಪಡಿ. 5 ಕಡಿಮೆ ಇದ್ದರೆ ಹತ್ತಿರದಲ್ಲೇ ಚಂಡಮಾರುತ ಇದೆ ಅಂತಲೇ ತಿಳಿಯಿರಿ. ಉತ್ತರಾರ್ಧ ಗೋಳದಲ್ಲಿ ಗಾಳಿಗೆ ಬೆನ್ನು ಹಾಕಿ ನಿಂತರೆ ಅದು ನಿಮ್ಮ ಎಡಕ್ಕೆ, ದಕ್ಷಿಣದಲ್ಲಿ ಬಲಕ್ಕೆ.

ಚಂಡಮಾರುತದ ಹಾದಿ ಅಂತ ನಕ್ಷೆಯಲ್ಲಿ ಎಳೆದ ಗೆರೆಯನ್ನೇ ನಂಬಬೇಡಿ. 34 ನಾಟ್ ಗಾಳಿ ಎಲ್ಲಿವರೆಗೆ ಅಂತ ತೋರಿಸುತ್ತಾರೋ ಅದರ ಸುತ್ತ ಮೊದಲ ದಿನಕ್ಕೆ 100 ನಾಟಿಕಲ್ ಮೈಲಿ, ಎರಡನೇ ದಿನಕ್ಕೆ 200, ಮೂರನೇ ದಿನಕ್ಕೆ 300 ಸೇರಿಸಿ, ಆ ಜಾಗದೊಳಗೆ ಕಾಲಿಡಬೇಡಿ. ನಾವು ಹಡಗಿನಲ್ಲೇ ಹೀಗೆ ದೂರ ಇರುತ್ತಿದ್ದೆವು, ನಿಮ್ಮದು 40 ಅಡಿ. ಸಮಭಾಜಕದ 5 ಡಿಗ್ರಿ ಒಳಗೆ ಇವು ಹುಟ್ಟುವುದು ತುಂಬಾ ಅಪರೂಪ, ಆದರೆ 2001ರ ಡಿಸೆಂಬರ್‌ನಲ್ಲಿ ವಾಮೈ ಟೈಫೂನ್ ದಕ್ಷಿಣ ಚೀನಾ ಸಮುದ್ರದಲ್ಲಿ ಸುಮಾರು 1.5 ಡಿಗ್ರಿ ಉತ್ತರದಲ್ಲೇ ಹುಟ್ಟಿತು.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ಅವಧಿ, ದಿಕ್ಕು, ಯುಟಿಸಿ ಮೂರಕ್ಕೂ ಪುಸ್ತಕದಲ್ಲಿ ಕಾಲಂ ಎಳೆದಿದ್ದೇನೆ. ಸರ್, ನನ್ನ ಫೋನಿನಲ್ಲೇ ವಾಯುಭಾರ ತೋರಿಸುತ್ತದೆ. ಅದು ಸಾಕಾ?

ನಿವೃತ್ತರು

ಏರಿಳಿತ ನೋಡಲು ಸಾಕು. ಆದರೆ ಅಂಕಿ ಒಂದೆರಡು ಆಚೆ ಈಚೆ ಇರಬಹುದು, ಹಾಗಾಗಿ ಹೊರಡುವ ಮೊದಲು ಹತ್ತಿರದ ಹವಾಮಾನ ಕೇಂದ್ರದ ಸಮುದ್ರಮಟ್ಟದ ಅಂಕಿ ಜೊತೆ ಹೋಲಿಸಿ, ವ್ಯತ್ಯಾಸವನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆಯಿರಿ. ಇವತ್ತಿಂದಲೇ ಬೆಳಿಗ್ಗೆ 10ಕ್ಕೆ, ಸಂಜೆ 4ಕ್ಕೆ ನೋಡಿ ಗುರುತು ಹಾಕುತ್ತಾ ಬನ್ನಿ. ವಾರದ ಅಂಕಿ ಆದ ಮೇಲೆ ಇಲ್ಲೇ ಹಾಕಿ, ನಾನು ನೋಡುತ್ತೇನೆ.