ಅರೇಗಳನ್ನು ‘ಸೇರಿಸು’ವುದೋ ‘ಜೋಡಿಸು’ವುದೋ?

ಎಲ್ಲರಿಗೂ ನಮಸ್ಕಾರ.

ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹೊಸದಾಗಿ ಕಲಿಯುವವರಿಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಅರೇಯನ್ನು (ಹಲವು ಮೌಲ್ಯಗಳನ್ನು ಕ್ರಮವಾಗಿ ಇಡುವ ಪಟ್ಟಿಯನ್ನು) ಅರೇ ಎಂದೇ ಕರೆದಿದ್ದೇನೆ, ಅದರಲ್ಲಿ ತಕರಾರಿಲ್ಲ. ತೊಡಕಿರುವುದು ಕ್ರಿಯಾಪದದಲ್ಲಿ. ಹಲವು ಅರೇಗಳನ್ನು ಒಂದು ಮಾಡುವುದಕ್ಕೆ ಏನನ್ನೋಣ?

‘ಕೂಡಿಸು’ ಅಂದರೆ ಲೆಕ್ಕದ ಕೂಡುವುದು ನೆನಪಾಗುತ್ತದೆ. ಹುಡುಗರು ಸುಮ್ನೆ ಪ್ಲಸ್ ಚಿಹ್ನೆ ಹಾಕಿಬಿಡುತ್ತಾರೆ. [1, 2] + [3, 4] ಎಂದು ಬರೆದರೆ ಅರೇ ಸಿಗುವುದಿಲ್ಲ, "1,23,4" ಎಂಬ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಸಿಗುತ್ತದೆ. ‘ಬೆರೆಸು’ ಕೂಡ ಬೇಡ. ಬೆರೆಸಿದ ಮೇಲೆ ಯಾವುದು ಎಲ್ಲಿತ್ತೋ ತಿಳಿಯದು, ಅರೇಯಲ್ಲಾದರೆ ಕ್ರಮ ಹಾಗೇ ಉಳಿಯುತ್ತದೆ ಅಲ್ವಾ?

ಉಳಿದದ್ದು ‘ಸೇರಿಸು’, ‘ಜೋಡಿಸು’. ಎರಡನ್ನೂ ಬೇರೆ ಬೇರೆ ಕೆಲಸಕ್ಕೆ ಇಟ್ಟುಕೊಳ್ಳಬೇಕು ಎಂಬುದು ನನ್ನ ಅನಿಸಿಕೆ. ಹಣ್ಣು, ತರಕಾರಿ ಎಂಬ ಎರಡು ಅರೇಗಳಿವೆ ಎನ್ನಿ. ‘ಹಣ್ಣಿಗೆ ತರಕಾರಿಯನ್ನು ಸೇರಿಸು’ ಎಂದರೆ ಬೆಳೆಯುವುದು ಹಣ್ಣಿನ ಅರೇ. ಜಾವಾಸ್ಕ್ರಿಪ್ಟ್‌ನಲ್ಲಿ ಪುಶ್ ಎಂಬ ಆಜ್ಞೆ ಮಾಡುವುದು ಇದನ್ನೇ. ‘ಹಣ್ಣು, ತರಕಾರಿ ಎರಡನ್ನೂ ಜೋಡಿಸು’ ಎಂದರೆ ಕಾನ್‌ಕ್ಯಾಟ್: ಹಳೆಯವೆರಡೂ ಇದ್ದ ಹಾಗೇ ಇರುತ್ತವೆ, ಹೊಸ ಅರೇ ಒಂದು ವಾಪಸ್ ಬರುತ್ತದೆ. ಕಲಿಯುವವರು ಎಡವುವುದು ಇಲ್ಲೇ ಜಾಸ್ತಿ. ಹಣ್ಣು.ಕಾನ್‌ಕ್ಯಾಟ್(ತರಕಾರಿ) ಎಂದು ಬರೆಯುತ್ತಾರೆ, ಬಂದದ್ದನ್ನು ಯಾವ ವೇರಿಯಬಲ್‌ಗೂ (ಮೌಲ್ಯ ಇಟ್ಟುಕೊಳ್ಳುವ ಹೆಸರಿಗೂ) ಹಾಕುವುದಿಲ್ಲ. ಆಮೇಲೆ ‘ಹಣ್ಣು ಯಾಕೆ ಬದಲಾಗಲಿಲ್ಲ?’ ಎಂದು ಕೇಳುತ್ತಾರೆ. (ವೇರಿಯಬಲ್‌ಗೆ ಹೀಗೆ ಕನ್ನಡದ ಹೆಸರಿಟ್ಟರೂ ಜಾವಾಸ್ಕ್ರಿಪ್ಟ್ ಒಪ್ಪುತ್ತದೆ.)

ಆದರೆ ‘ರೈಲಿಗೆ ಬೋಗಿ ಜೋಡಿಸಿದರು’ ಅನ್ನುತ್ತೇವಲ್ಲ, ಅಲ್ಲಿ ಉದ್ದವಾಗುವುದು ಅದೇ ರೈಲು. ಅಂದರೆ ವ್ಯತ್ಯಾಸ ತೋರಿಸುತ್ತಿರುವುದು ಕ್ರಿಯಾಪದವಲ್ಲ, ‘ಗೆ’ ಪ್ರತ್ಯಯ. ಹಾಗಿದ್ದರೆ ಎರಡು ಕ್ರಿಯಾಪದ ಬೇಕಾ, ಇಲ್ಲ ವಿಭಕ್ತಿಯೊಂದೇ ಸಾಕಾ? ನನಗೆ ಎರಡೂ ಇದ್ದರೆ ವಾಸಿ ಅನ್ನಿಸುತ್ತದೆ. ಅವಸರದಲ್ಲಿ ಓದುವವರು ಪ್ರತ್ಯಯ ಗಮನಿಸುವುದಿಲ್ಲ.

ಜಾಯಿನ್ ಎಂಬ ಇನ್ನೊಂದು ಆಜ್ಞೆಗೆ ‘ಪೋಣಿಸು’ ಎಂದು ಬರೆದಿದ್ದೇನೆ. ಅದು ಅರೇಗಳನ್ನು ಒಂದು ಮಾಡುವುದಿಲ್ಲ, ಒಂದೇ ಅರೇಯ ಅಂಶಗಳ ನಡುವೆ ಕಾಮಾ ಇಟ್ಟು ಸ್ಟ್ರಿಂಗ್ ಕಟ್ಟುತ್ತದೆ. ಇದಕ್ಕೆ ಆಕ್ಷೇಪ ಬರಲಾರದು.

ಇನ್ನೊಂದು ಪದಕ್ಕೆ ನಿಮ್ಮ ನೆರವು ಬೇಕು. 2015ರ ಆವೃತ್ತಿಯಲ್ಲಿ ಬಂದ ಮೂರು ಚುಕ್ಕಿ, ಸ್ಪ್ರೆಡ್. [...ಹಣ್ಣು, ...ತರಕಾರಿ] ಎಂದರೆ ಎರಡೂ ಅರೇಗಳ ಒಳಗಿನದನ್ನು ತೆಗೆದು ಹೊಸ ಅರೇಯಲ್ಲಿ ಇಟ್ಟಂತೆ. ಪುಶ್‌ಗೂ ಈ ಚುಕ್ಕಿ ಬೇಕು. ಇಲ್ಲದಿದ್ದರೆ ತರಕಾರಿಯ ಅರೇ ಇಡಿಯಾಗಿ ಒಂದೇ ಅಂಶವಾಗಿ ಹಣ್ಣಿನೊಳಗೆ ಕೂರುತ್ತದೆ. ‘ಹರಡು’ ಎಂದರೆ ನೆಲದ ಮೇಲೆ ಚೆಲ್ಲಿದ ಹಾಗೆ ಕೇಳಿಸುತ್ತದೆ. ಗಂಟು ಬಿಚ್ಚಿದಂತೆ ‘ಬಿಚ್ಚು’ ಅನ್ನೋಣವೆಂದರೆ, ಮೂಲ ಅರೇಗೆ ಇಲ್ಲಿ ಏನೂ ಆಗುವುದಿಲ್ಲ. ಬಿಚ್ಚಿದ ಮೇಲೆ ಗಂಟು ಉಳಿಯುವುದಿಲ್ಲವಲ್ಲ! ಮೂಲವನ್ನು ಮುಟ್ಟದೆ ಒಳಗಿನದನ್ನು ಹೊರಗಿಡುವುದಕ್ಕೆ ನಿಮ್ಮ ಕಡೆ ಆಡುಮಾತಿನಲ್ಲಿ ಏನಾದರೂ ಪದ ಇದೆಯಾ?